ಅರ್ಧಕ್ಕೆ ನಿಂತ ಪ್ರಶ್ನಾವಳಿ

ಜ್ವರ ಬಿಟ್ಟು ಮೂರು ವಾರವಾಗಿತ್ತು. ಎಂಟನೇ ತರಗತಿಯ ಮಕ್ಕಳಿಗೆ ಬೋರ್ಡಿನ ಮೇಲೆ ಇಂಗ್ಲಿಷ್ ಪದ್ಯ ಬರೆಯುತ್ತಿದ್ದೆ. ಎರಡನೇ ಸಾಲಿಗೆ ಕೈ ತಾನಾಗಿ ಕೆಳಗಿಳಿಯಿತು. ನೋವಿಲ್ಲ. ತಲೆ ಸುತ್ತಲಿಲ್ಲ. ಕೈ ಎತ್ತಲು ಬೇಕಾದದ್ದು ಒಳಗೆ ಇರಲಿಲ್ಲ, ಅಷ್ಟೇ.

ಅಂದು ಮಲಗಿದವಳು ಆರು ತಿಂಗಳು ಶಾಲೆಗೆ ಹೋಗಲಿಲ್ಲ.

ಇಳಕಲ್ಲಿನ ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಲ್ಲುವುದು ಕಡಿಮೆ. ಗಂಡ ಈರಣ್ಣ ಸೀರೆ ನೇಯುತ್ತಾರೆ. ಎಪ್ಪತ್ತು ದಾಟಿದ ಅತ್ತೆ ಇಂದಿಗೂ ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಾರೆ. ಅಂಥ ಮನೆಯಲ್ಲಿ ಮೂವತ್ತೆಂಟರ ಸೊಸೆಯಾದ ನಾನು ಹಾಡಹಗಲು ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಿದ್ದೆ. ಒಂದು ದಿನ ಚೇತರಿಸಿಕೊಂಡಂತಾಗಿ ಅಡುಗೆ ಮಾಡಿದರೆ, ಮರುದಿನ ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಿತ್ತು.

“ನಿನ್ನೆ ಚಂದಾಗಿ ರೊಟ್ಟಿ ಬಡದಿ. ಇವತ್ತ ಏನಾತು?” ಎನ್ನುತ್ತಿದ್ದರು ಅತ್ತೆ.

ಬಾಗಲಕೋಟೆಯ ಡಾಕ್ಟರು ಬ್ಲಡ್ ಟೆಸ್ಟ್, ಥೈರಾಯ್ಡ್, ಇಸಿಜಿ ಎಲ್ಲ ಮಾಡಿಸಿದರು. “ರಿಪೋರ್ಟ್ ನಾರ್ಮಲ್ ಅದಾವ್ರಿ ಟೀಚರ್. ಕ್ರಾನಿಕ್ ಫಟೀಗ್ ಸಿಂಡ್ರೋಮ್, ಅಂದ್ರ ಬಿಡದ ದಣಿವಿನ ರೋಗ ಅಂತ ಒಂದ್ ಐತಿ, ಅದ ಇರಬಹುದು. ಖರೆ ಹೇಳ್ಬೇಕಂದ್ರ ಅದರ ಬಗ್ಗೆ ನನಗೂ ಭಾಳ ಗೊತ್ತಿಲ್ಲ,” ಎಂದು ಹೆಸರನ್ನು ಚೀಟಿಯ ಮೇಲೆ ಬರೆದುಕೊಟ್ಟರು.

ಚೀಟಿ ಹಿಡಿದು ನಾನೂ ಗಂಡನೂ ಬಸ್ ಸ್ಟ್ಯಾಂಡಿನ ಹತ್ತಿರದ ಇಂಟರ್ನೆಟ್ ಸೆಂಟರಿಗೆ ಹೋದೆವು. ಇದೇ ಕಾಯಿಲೆಯವರ ಒಂದು ಇ-ಮೇಲ್ ಗುಂಪು ಸಿಕ್ಕಿತು. ವಿದೇಶದ ಸಂಶೋಧಕಿಯೊಬ್ಬರು ಅಲ್ಲಿ ರೋಗಿಗಳ ಜೊತೆ ಮಾತಾಡುತ್ತಿದ್ದರು. ಅರವತ್ತು ಪ್ರಶ್ನೆಗಳ ಪ್ರಶ್ನಾವಳಿ ಹಾಕಿದ್ದರು. ನಾನು ಇಪ್ಪತ್ತೆರಡಕ್ಕೆ ನಿಂತೆ. ಅಕ್ಷರಗಳು ಕಲಸಿಹೋದವು. ಗಂಡ ಆಟೋದಲ್ಲಿ ಮನೆಗೆ ಕರೆತಂದರು.

ನಾಲ್ಕು ದಿನ ಏಳಲಿಲ್ಲ.

ಐದನೇ ದಿನ ಮಲಗಿಕೊಂಡೇ ಆ ಸಂಶೋಧಕಿಗೆ ಪೆನ್ಸಿಲ್ ಹಿಡಿದು ಇಂಗ್ಲಿಷಿನಲ್ಲಿ ಬರೆದೆ: ನಿಮ್ಮ ಪ್ರಶ್ನಾವಳಿ ತುಂಬಲು ಹೋಗಿ ಹಾಸಿಗೆ ಹಿಡಿದೆ. ನನ್ನ ಆಯಾಸ ಕೆಲಸ ಮಾಡಿದ ದಿನಕ್ಕಿಂತ ಮರುದಿನ ಹೆಚ್ಚು. ಅದನ್ನು ನೀವು ಕೇಳಿಯೇ ಇಲ್ಲ.

“ಇಷ್ಟ್ ನೇರ ಬರದ್ರ ಸಿಟ್ಟಾಗ್ತಾರೇನ್ರಿ?” ಎಂದು ಗಂಡನನ್ನು ಕೇಳಿದೆ.

“ಆಗ್ಲಿ ಬಿಡು. ನಾ ಟೈಪ್ ಮಾಡಿ ಬರ್ತೇನಿ.”

ಏಳನೇ ತರಗತಿಗೆ ಶಾಲೆ ಬಿಟ್ಟವರು. ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಒಂದೂ ತಪ್ಪಿಲ್ಲದೆ ಕಳಿಸಿ ಬಂದರು.

ವಾರದ ಮೇಲೆ ಉತ್ತರದ ಪ್ರಿಂಟ್ ತಂದುಕೊಟ್ಟರು. ಸಂಶೋಧಕಿ ಕ್ಷಮೆ ಕೇಳಿದ್ದರು. ಇನ್ನು ಮೇಲೆ ಐದೈದೇ ಪ್ರಶ್ನೆ ಕಳಿಸುತ್ತೇನೆ, ಮರುದಿನದ ಬಗ್ಗೆಯೂ ಕೇಳುತ್ತೇನೆ ಎಂದಿದ್ದರು. ಕೊನೆಯ ಸಾಲು: ನೀವು ಹೇಳಿದ್ದನ್ನು ನಾನು ನಂಬುತ್ತೇನೆ.

ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳುವಾಗ ಅಳು ಬಂತು. ಎದೆ ಹಗುರಾಗುವ ಅಳು. ಕಂಡಿಕೆ ಸುತ್ತುತ್ತಿದ್ದ ಅತ್ತೆಯ ಕೈ ನಿಂತಿತು.

“ಅಕಿ ನಿನ್ನ ಮಾರಿ ಸುದ್ದಾ ನೋಡಿಲ್ಲ, ನಂಬಿದ್ಲು. ದಿನಾ ನೋಡಾಕಿ ನಾ. ನಾ ನಂಬಲಿಲ್ಲ ನೋಡವಾ.”

ಗುಣವಾಗಿಲ್ಲ. ಇದಕ್ಕೆ ಔಷಧ ಇದೆಯೆಂದು ಸಂಶೋಧಕಿಯೂ ಹೇಳಿಲ್ಲ. ಆದರೆ ಮೈಯಲ್ಲಿರುವ ಶಕ್ತಿಯನ್ನು ಹಂಚಿ ಬಳಸುವುದನ್ನು ಆ ಗುಂಪಿನವರಿಂದ ಕಲಿತೆ. ಈಗ ದಿನ ಬಿಟ್ಟು ದಿನ ಎರಡು ಪೀರಿಯಡ್, ಕುರ್ಚಿಯಲ್ಲಿ ಕೂತೇ ಪಾಠ ಮಾಡುತ್ತೇನೆ.

ಮೊನ್ನೆ ಗುಡೂರಿನಿಂದ ನೆಂಟರು ಬಂದಾಗ ಒಳಗೆ ಮಲಗಿದ್ದೆ. ಪಡಸಾಲೆಯಲ್ಲಿ ಅತ್ತೆಯ ದನಿ ಕೇಳಿತು: “ಸಾವಕಾಶ ಮಾತಾಡ್ರಿ. ನಮ್ಮ ಗಿರಿಜಾ ನಿನ್ನೆ ಸಾಲಿಗೆ ಹೋಗಿದ್ಲು. ಇವತ್ತ ಅಕಿ ಮಲಗೋ ದಿನ.”

ನಾನು ಎದ್ದು ಹೋಗಿ ಯಾರಿಗೂ ಏನೂ ವಿವರಿಸಬೇಕಿರಲಿಲ್ಲ. ಕಣ್ಣು ಮುಚ್ಚಿದೆ.