ಸುಮ್ನಿರಪ್ಪ ಮೇಸ್ತ್ರಿಗಳು ಮತ್ತು ಏರಿನಲ್ಲಿ ಬಿಗಿಯುವ ಸ್ಟೀರಿಂಗ್

ಹಳೆಯ ಭಾರಿ ಲಾರಿಗಳ ದುರಸ್ತಿಯನ್ನೇ ಬದುಕಾಗಿಸಿಕೊಂಡವರ ಸಾಲಿನಲ್ಲಿ ನಮ್ಮ ಹಿರಿಯ ಮೇಸ್ತ್ರಿಗಳ ಸ್ಥಾನ ಯಾವುದು ಎಂದರೆ, ಚಾಲಕರಾದ ನಾವೆಲ್ಲ ಮೊದಲನೆಯದು ಎನ್ನುತ್ತೇವೆ. ಅವರನ್ನೇ ಕೇಳಿದರೆ ಲಾರಿಯ ಅಡಿಯಲ್ಲಿ ಎನ್ನುತ್ತಾರೆ. ಅವರ ನಿವೃತ್ತಿಯ ಈ ಸಂದರ್ಭದಲ್ಲಿ ನಾಲ್ಕು ಮಾತು ಬರೆಯುವ ಭಾಗ್ಯ ನನ್ನ ಪಾಲಿಗೆ ಬಂದಿರುವುದು ಹೆಮ್ಮೆಯ, ಅದಕ್ಕಿಂತ ಹೆಚ್ಚಾಗಿ ಭಯದ ಸಂಗತಿ.

ಗಾಡಿ ತೊಳೆಯುವ ಕೆಲಸಕ್ಕೆ ಸೇರಿ, ಗ್ರೀಸ್ ಹಚ್ಚುವವರಾಗಿ, ಮೇಸ್ತ್ರಿಯಾಗಿ, ಕೊನೆಗೆ ಇಡೀ ವರ್ಕ್‌ಶಾಪಿನ ಹೊಣೆ ಹೊತ್ತ ಈ ಹಿರಿಯರಿಗೆ ನಾವಿಟ್ಟ ಅಡ್ಡಹೆಸರು 'ಸುಮ್ನಿರಪ್ಪ'. ಎಂಜಿನ್ ಓಡುವಾಗ ಯಾರೇ ಬಾಯಿ ಬಿಟ್ಟರೂ, ಅವರು ಮ್ಯಾನೇಜರೇ ಆಗಿದ್ದರೂ, ಸಿಗುತ್ತಿದ್ದ ಉತ್ತರ ಅದೊಂದೇ. ಮೊಣಕಾಲು ನೋಯುತ್ತಿದ್ದ ಚಾಲಕರೊಬ್ಬರಿಗಾಗಿ, ಯಾರೂ ಹೇಳದೆ, ಲಾರಿಗೆ ಇನ್ನೊಂದು ಮೆಟ್ಟಿಲು ಬೆಸೆದುಕೊಟ್ಟವರು ಅವರು. ಅವರದೊಂದು ಕಟ್ಟುನಿಟ್ಟಿನ ಪದ್ಧತಿಯೂ ಇತ್ತು: ಲಾರಿ ಓಡಿಸಿದವನು ಬಂದು ಸೀಟಿನಲ್ಲಿ ಕೂರುವವರೆಗೆ ಸ್ಪ್ಯಾನರ್ ಮುಟ್ಟುತ್ತಿರಲಿಲ್ಲ. ನಾನು ಇಂದಿಗೂ ಚಾಲಕನಾಗಿ ಉಳಿದಿರುವುದು ಆ ಪದ್ಧತಿಯಿಂದ.

ಅವರು ಬೇರೊಂದು ಶಾಖೆಗೆ ಹೋಗಿದ್ದ ಕಾಲವದು. ಜಲ್ಲಿ ತುಂಬಿದ ನನ್ನ ಹಳೆಯ ಲಾರಿಯ ಸ್ಟೀರಿಂಗ್ ಗುಡ್ಡದ ಏರಿನ ತಿರುವಿನಲ್ಲಿ ಇದ್ದಕ್ಕಿದ್ದಂತೆ ಬಿಗಿದು, ಲಾರಿ ರಸ್ತೆಬದಿಯ ಗೋಡೆಗೆ ಮೂತಿ ಗುದ್ದಿಕೊಂಡಿತು. ಯಾರಿಗೂ ಗಾಯವಾಗಲಿಲ್ಲ, ಪೆಟ್ಟು ಬಿದ್ದದ್ದು ನನ್ನ ಹೆಸರಿಗೆ. ಪವರ್ ಸ್ಟೀರಿಂಗಿನ ಪಂಪು ಬದಲಾಯಿತು, ಸ್ಟೀರಿಂಗ್ ಬಾಕ್ಸ್ ಬಿಚ್ಚಿ ಜೋಡಿಸಿದ್ದೂ ಆಯಿತು. ಮತ್ತೆ ಅದೇ ಏರಿನಲ್ಲಿ, ನನ್ನ ಕೈಯಲ್ಲಿ, ಅದೇ ಬಿಗಿತ. ಬೇರೆ ಚಾಲಕರು ಅಂಗಳದಲ್ಲೂ ಪೇಟೆಯ ಸಮತಟ್ಟು ರಸ್ತೆಯಲ್ಲೂ ಓಡಿಸಿ ನೋಡಿದರೆ ಸ್ಟೀರಿಂಗ್ ಬೆಣ್ಣೆಯಂತೆ ತಿರುಗುತ್ತಿತ್ತು. ದೋಷ ನನ್ನ ಕೈಯಲ್ಲೇ ಇದೆ ಎಂದು ತೀರ್ಮಾನಿಸಿದ ಮ್ಯಾನೇಜರು ನನ್ನನ್ನು ಗೇಟು ಕಾಯಲು ಹಾಕಿದರು. ಕೆಲಸದಿಂದಲೇ ತೆಗೆಯುವ ಮಾತೂ ನಡೆದಿತ್ತು. ಮನೆಯಲ್ಲಿ ಅಕ್ಕ ಊಟ ಬಡಿಸುತ್ತಾ, ಒಮ್ಮೆ ಕಣ್ಣು ತೋರಿಸಿಕೊಂಡು ಬರಬಾರದೇ ಎಂದು ಮೆಲ್ಲಗೆ ಕೇಳಿದಳು. ನನ್ನ ಕೈಗಳನ್ನು ನಾನೇ ನಂಬದ ಸ್ಥಿತಿಗೆ ಬಂದಿದ್ದೆ.

ಮೇಸ್ತ್ರಿಗಳು ಮರಳಿ ಬಂದರು. ಇದು ಅವನ ಕೈಯಲ್ಲಿ ಮಾತ್ರ ಕೆಡುತ್ತದೆ ಎಂದು ಮ್ಯಾನೇಜರು ವಿವರಿಸಿದಾಗ, ಹಾಗಿದ್ದರೆ ಅವನನ್ನು ಬಿಟ್ಟು ಇನ್ಯಾರನ್ನು ಕೇಳುವುದು ಎಂದು ನನ್ನನ್ನು ಗೇಟಿನಿಂದ ಕರೆಸಿದರು. ಸ್ಟೀರಿಂಗಿನ ಎಣ್ಣೆ ನೋಡಿದರು, ಮಟ್ಟ ಸರಿಯಿತ್ತು, ನೊರೆಯಿರಲಿಲ್ಲ. ಮುಂದಿನ ಚಕ್ರಗಳನ್ನು ಜಾಕಿನ ಮೇಲೆತ್ತಿ ಕೈಯಿಂದ ಹೊರಳಿಸಿದರು, ಕೀಲುಗಳಲ್ಲಿ ತೊಡಕಿರಲಿಲ್ಲ. ಆಮೇಲೆ ಲೋಡು ತುಂಬಿಸಿ, ಎಂಜಿನ್ ಚೆನ್ನಾಗಿ ಕಾಯುವವರೆಗೆ ಓಡಿಸಿಕೊಂಡು ಬರಲು ಹೇಳಿದರು. ಬಂದು ನಿಂತಾಗ ಬಾನೆಟ್ಟಿನ ಬಳಿ ಬಗ್ಗಿ, "ಏರಲ್ಲಿ ಹೇಗೆ ಆಕ್ಸಿಲರೇಟರ್ ತುಳೀತೀಯೋ ಹಾಗೇ ತುಳಿದು ತಿರುಗ್ಸು" ಎಂದರು. ತುಳಿದೆ. ಪಂಪು ನರಳಿತು, ಸ್ಟೀರಿಂಗ್ ಬಿಗಿಯಿತು. ಕಾಲು ತೆಗೆದೆ, ಸಡಿಲವಾಯಿತು.

ಎಣ್ಣೆ ಡಬ್ಬಿಯಿಂದ ಪಂಪಿಗೆ ಹೋಗುವ ರಬ್ಬರ್ ಪೈಪನ್ನು ಬಿಚ್ಚಿಸಿ, ಚಾಕುವಿನಿಂದ ಉದ್ದಕ್ಕೆ ಸೀಳಿದರು. ಹೊರಗಿನಿಂದ ಲಕ್ಷಣವಾಗಿದ್ದುದರಿಂದ, ಪಂಪು ಬದಲಿಸಿದವರು ಅದೇ ಪೈಪನ್ನು ಮತ್ತೆ ಹಾಕಿದ್ದರು. ಒಳಗೆ ರಬ್ಬರಿನ ಪದರ ಸುಲಿದು ಜೋತಾಡುತ್ತಿತ್ತು. ಎಣ್ಣೆ ಬಿಸಿಯಾಗಿ, ಆಕ್ಸಿಲರೇಟರ್ ತುಳಿದಂತೆ ಪಂಪು ಜೋರಾಗಿ ಎಳೆದಾಗ ಆ ಪದರವೇ ದಾರಿ ಮುಚ್ಚುತ್ತಿತ್ತು. ಎಳೆತ ತಗ್ಗಿದರೆ ತೆರೆಯುತ್ತಿತ್ತು. ಸಮತಟ್ಟು ರಸ್ತೆಯ ತಿರುವಿನಲ್ಲಿ ಯಾರು ತಾನೇ ಹಾಗೆ ತುಳಿಯುತ್ತಾರೆ? ಮೇಸ್ತ್ರಿಗಳು ಮ್ಯಾನೇಜರಿಗೂ ಕೇಳುವಂತೆ ನನಗೆ ಹೇಳಿದರು: "ಕೈ ಸರಿಯಾಗಿದೆ ಕಣಪ್ಪ. ಪೈಪು ಸರಿಯಿಲ್ಲ."

ಹೊಸ ಪೈಪು ಹಾಕಿದ ಮೇಲೆ ಪರೀಕ್ಷೆಗೆ ಜೊತೆಯಲ್ಲಿ ಹೋಗುವವರು ಯಾರು ಎಂಬ ಪ್ರಶ್ನೆ ಬಂತು. ಎಲ್ಲರೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಅವರೇ ಹತ್ತಿ ನನ್ನ ಪಕ್ಕದಲ್ಲಿ ಕೂತಿದ್ದರು. ತುಂಬಿದ ಲೋಡು, ಅದೇ ಏರು, ಅದೇ ತಿರುವು. ಸ್ಟೀರಿಂಗ್ ಹೇಳಿದಂತೆ ಕೇಳಿತು. ಗೋಡೆ ದಾಟಿದ ಮೇಲೆ ಸಂತೋಷ ತಡೆಯಲಾರದೆ ಅವರತ್ತ ತಿರುಗಿದೆ. ಮೇಸ್ತ್ರಿಗಳು ಕಿಟಕಿಗೆ ತಲೆಯಾನಿಸಿ, ಬಾಯಿ ಸ್ವಲ್ಪ ತೆರೆದು, ಗಾಢವಾಗಿ ನಿದ್ದೆ ಹೋಗಿದ್ದರು. ನನಗೆ ಅಳು ಬಂತು.

ಅವರು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ಹೊಸ ಮೇಸ್ತ್ರಿಗಳನ್ನು ಗದರಿಸುತ್ತಾ ಕಲಿಸುತ್ತಲೇ ಇರಲಿ. ಎಲ್ಲಿಗೆ ಹೋಗಬೇಕಾದರೂ ನನಗೊಂದು ಮಾತು ಹೇಳಿ ಕಳುಹಿಸಲಿ. ಊರು ಬಂದಾಗ ಎಬ್ಬಿಸುತ್ತೇನೆ.