ಚೀಟಿಯಲ್ಲಿ ಇಲ್ಲದ ಅಮ್ಮ

ಟ್ರ್ಯಾಮ್ ಇಳಿದು ನಾವು ಮೂವರೂ ಗ್ಲೆನೆಲ್ಗ್ ಕಡಲತೀರದ ಜೆಟ್ಟಿಯ ಬೆಂಚಿನಲ್ಲಿ ಕೂತ ಕೂಡಲೇ ಮರೀನಾ ಚೀಲದಿಂದ ಕಾಗದ ತೆಗೆದು ಅಮ್ಮನಿಗೆ ಬರೆಯತೊಡಗಿದಳು. ಅಡಿಲೇಡ್‌ನಲ್ಲಿ ನನ್ನ ಗೆಳತಿ ಡಾಕ್ಟರ್ ಶೈಲಜಾ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಈಕೆ ನರ್ಸ್. ಹುಟ್ಟಿದ್ದು ಅಮೆಜಾನ್ ಕಾಡಿನ ಒಂದು ಹೊಳೆಯ ದಂಡೆಯಲ್ಲಿ.

"ಇವಳು ಚಿಕ್ಕವಳಿದ್ದಾಗ ಅವರ ಭಾಷೆಗೆ ಬರಹಾನೇ ಇರ್ಲಿಲ್ವಂತೆ ಕಣೇ," ಎಂದಳು ಶೈಲಜಾ.

ಅದನ್ನೇ ಅವಳು ಇಂಗ್ಲಿಷಿನಲ್ಲಿ ಅಂದಾಗ ಮರೀನಾ ಪೆನ್ನು ಕೆಳಗಿಟ್ಟು ಇಂಗ್ಲಿಷಿನಲ್ಲೇ ಹೇಳಿದಳು. ದೂರದ ಊರಿಗೆ ಮದುವೆಯಾಗಿ ಹೋದ ಅಕ್ಕನಿಗೆ ಅಮ್ಮ ಸುದ್ದಿ ಕಳಿಸುತ್ತಿದ್ದುದು ಚಿಕ್ಕಪ್ಪನ ಬಾಯಲ್ಲಿ. ಅವನು ಎರಡು ದಿನ ದೋಣಿ ನಡೆಸಿಕೊಂಡು ಹೋಗಿ, ಅಕ್ಕನ ಎದುರು ಕೂತು, ಅಮ್ಮನ ಮಾತನ್ನು ಅಮ್ಮನಂತೆಯೇ ಆಡುತ್ತಿದ್ದ. ಅಮ್ಮ ಬಿಕ್ಕಿದ ಕಡೆ ತಾನೂ ಬಿಕ್ಕುತ್ತಿದ್ದ. ಆಮೇಲೆ ಶಾಲೆ ಬಂತು, ಅದರ ಜೊತೆ ಅವರ ಭಾಷೆಗೆ ಬರಹವೂ ಬಂತು. ಊರಿನಲ್ಲಿ ಮೊದಲು ಬರೆಯಲು ಕಲಿತವಳು ಮರೀನಾ. ಎಲ್ಲರ ಸುದ್ದಿಯನ್ನೂ ಚೀಟಿಯಲ್ಲಿ ಬರೆದು, ಆ ಕಡೆ ಹೋಗುವ ದೋಣಿಗಳಿಗೆ ಕೊಡತೊಡಗಿದಳು. ಚಿಕ್ಕಪ್ಪನನ್ನು ಯಾರೂ ಕರೆಯದಾದರು.

"ಅಕ್ಕ ಒಂದ್ಸಲ ಚೀಟಿ ಓದಿಸಿ ಕೇಳಿ ವಾಪಸ್ ಕಳಿಸಿಬಿಟ್ಲು. ಇದರಲ್ಲಿ ಅಮ್ಮ ಇಲ್ಲ ಅಂದ್ಲಂತೆ," ಎಂದಳು ಮರೀನಾ.

ಕಳೆದ ವಾರ ಅಮ್ಮನಿಂದ ಮರೀನಾಳಿಗೂ ಒಂದು ಕಾಗದ ಬಂದಿತ್ತು. ಶಾಲೆಯ ಮೇಷ್ಟ್ರು ಬರೆದುಕೊಟ್ಟದ್ದು. ಚೆನ್ನಾಗಿದ್ದೇನೆ ಎಂದಿತ್ತು, ಅಷ್ಟೇ. ಅದನ್ನು ಎಷ್ಟು ಸಲ ಓದಿದಳೋ, ಮಡಿಕೆಯ ಗೆರೆಯಲ್ಲಿ ಕಾಗದ ಹರಿದಿತ್ತು.

"ನೀವೇನು ಬರೆದಿರಿ?" ಎಂದು ಕೇಳಿದೆ.

ಅವಳ ಹಾಳೆಯ ತುಂಬ ಹೊಡೆದುಹಾಕಿದ ಸಾಲುಗಳೇ ಇದ್ದವು. ಕೆಳಗೆ ಉಳಿದ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ನಾನೂ ಚೆನ್ನಾಗಿದೀನಿ ಅಂತ."