ನತ್ತಿಲ್ಲದ ಅಜ್ಜಿ ನಕಲಿ

ಹಿಂಗ ಗ್ವಾಡಿಗೆ ಒರಗಿ ಆರಾಮ ಕುಂದರ್ರಿ, ನಾನು ನಾನ ಅಂತ ಸಾಬೀತು ಮಾಡಾಕ ಪಟ್ಟ ಪಾಡು ಹೇಳ್ತೇನಿ.

ಬ್ಯಾಡಗಿಯಾಗ ನಮ್ಮ ಸಂಘದ ಹೆಣ್ಮಕ್ಕಳು ಖಾರದಪುಡಿ ಮಾಡ್ತೇವಿ. ಪೊಟ್ಟಣದ ಮ್ಯಾಲಿನ ಕ್ಯೂಆರ್ ಚೀಟಿಗೆ ಫೋನ್ ಹಿಡಿದ್ರ ನನ್ನ ಪಟ ಬರ್ತೈತಿ. ಮಾಲು ಅಸಲಿ ಅಂತ ಮಂದಿ ನಂಬಲಿ ಅಂತ. ಪಟ ತೆಗಿಯುವಾಗ ಚಂದ ಕಾಣ್ಲಿ ಅಂತ ಸೊಸಿ ತನ್ನ ನತ್ತು ನನಗ ಇಟ್ಟಿದ್ಲು.

ಮೊನ್ನೆ ಸೊಸಿ ಜೋಡಿ ಮದುವಿ ಮುಗಿಸಿ ಬರುವಾಗ ರಾಣೆಬೆನ್ನೂರಿನ ಅಂಗಡಿಯೊಂದರಾಗ ನಮ್ಮ ಪೊಟ್ಟಣ ಕಂಡ್ವು. ಒಂದು ಒಡದು ಮೂಸಿದ್ರ ಕಟ್ಟಿಗಿ ಪುಡಿ ವಾಸನಿ! ಯಾರೋ ನಮ್ಮ ಚೀಟಿ ನಕಲು ಮಾಡಿ ಅಂಟಿಸಿದ್ರು.

"ತಮ್ಮಾ, ಇದು ನಮ್ಮ ಖಾರ ಅಲ್ಲ. ನನ್ನ ಹೆಸರು ಕೆಡತೈತಿ, ತಗದಿಡು," ಅಂದೆ.

ಅಂಗಡಿಯಂವ ಫೋನ್ ಹಿಡಿದು ತೋರಿಸಿದ. "ನೋಡಬೇ, ಅಸಲಿ ಅಂತ ಫೋನ್ ಹೇಳಾಕತ್ತೈತಿ. ಈ ಅಜ್ಜಿ ಮಾಡಿದ್ದು."

"ಆಕಿ ನಾನ ತಮ್ಮಾ!"

ಪಟ ನೋಡಿದ, ನನ್ನ ನೋಡಿದ. "ಆ ಅಜ್ಜಿಗೆ ನತ್ತೈತಿ. ನಿನ್ನ ಮೂಗು ಬೋಳೈತಿ."

ಸೊಸಿ ತಟ್ಟನ ತನ್ನ ನತ್ತು ಬಿಚ್ಚಿ ನನ್ನ ಮೂಗಿಗಿಟ್ಲು.

"ಅಯ್ಯ ಯವ್ವಾ, ನೀವ ಏನ್ರಿ? ಕುಂದರ್ರಿ, ಕುಂದರ್ರಿ!"

ನತ್ತು ಬರೋತನಕ ನಾನು ನಕಲಿ, ಆ ಕಟ್ಟಿಗಿ ಪುಡಿ ಅಸಲಿ!

ಮಾಲು ಕೊಟ್ಟಂವ ಯಾರಂತ ಅಂಗಡಿಯಂವ ಹೇಳಿದ; ನಕಲು ಮಾಡಿದಂವ ಸಿಕ್ಕಿಬಿದ್ದು ಧಂದೆ ಬಿಟ್ಟ. ಸಂಘದವರು ಒಂದೊಂದು ಪೊಟ್ಟಣಕ್ಕೂ ಬ್ಯಾರೆ ಬ್ಯಾರೆ ಚೀಟಿ ಹಚ್ಚಿಸಿದ್ರು. ಒಮ್ಮೆ ನೋಡಿದ ಚೀಟಿ ಮತ್ತೊಂದು ಪೊಟ್ಟಣದ ಮ್ಯಾಲೆ ಬಂದ್ರ ನಕಲಿ ಅಂತ ಫೋನ್ ತಾನ ಒದರ್ತೈತಿ. ಅಂಗಡಿಯಂವ ಈಗ ನಮ್ಮ ಅಸಲಿ ಮಾಲು ಮಾರ್ತಾನ. ಸೊಸಿ ಮಾತ್ರ ನತ್ತು ಕಳಕೊಂಡ್ಲು. ರಾಣೆಬೆನ್ನೂರಿಗೆ ಹೊಂಟಾಗೆಲ್ಲಾ ನಾನ ಇಟ್ಕೊಂಡು ಹೋಗ್ತೇನಿ. ಫೋನಿನ್ಯಾಗಿನ ಆಕಿಗೆ ನಾನು ಹೋಲಬೇಕಲ್ಲ!